ಮನೆಗಾಡಿಯಲ್ಲಿ ಕೊಡಗು: ಹಾಸಿಗೆಗಿಂತ ಮೊದಲು ಚಾಸಿ ನೋಡಿ

ಘಾಟಿ ಹತ್ತುವ ಯಾವ ಗಾಡಿಗೆ ಕೂತರೂ ನಮ್ಮಮ್ಮನ ಕೈಯಲ್ಲಿ ಒಂದು ನಿಂಬೆಹಣ್ಣು ಇರಲೇಬೇಕು. ಹೊಟ್ಟೆ ತೊಳಸಲು ಶುರುವಾದರೆ ಉಗುರಿನಿಂದ ಗೀರಿ ಮೂಸುತ್ತಾಳೆ. ಕಳೆದ ಮೂರು ವರ್ಷದಲ್ಲಿ ಮೂರು ಬೇರೆ ಬೇರೆ ಕ್ಯಾಂಪರ್ ವ್ಯಾನ್, ಅಂದರೆ ಒಳಗೇ ಮಲಗಿ ಉಳಿಯುವಂಥ ಮನೆಗಾಡಿ, ಬಾಡಿಗೆಗೆ ಹಿಡಿದು ಮೈಸೂರಿನಿಂದ ಕೊಡಗು ಸುತ್ತಿ ಬಂದಿದ್ದೇವೆ. ಯಾವ ಗಾಡಿ ಹೇಗಿತ್ತು ಅಂತ ನಾನು ಡೈರಿಯಲ್ಲಿ ಬರೆದಿಟ್ಟಿದ್ದಕ್ಕಿಂತ ಆ ನಿಂಬೆಹಣ್ಣಿನ ಮೇಲಿದ್ದ ಗೀರುಗಳ ಲೆಕ್ಕವೇ ಸರಿ.

ಹೋಗಬೇಕು ಅಂತಿರುವವರು ಮೊದಲು ಕೇಳುವ ಪ್ರಶ್ನೆ ಒಂದೇ: ಒಳಗೆ ಟಾಯ್ಲೆಟ್ ಇದೆಯಾ, ಹಾಸಿಗೆ ಎಷ್ಟು ಅಗಲ? ನಾನೂ ಮೊದಲ ಸಲ ಅದನ್ನೇ ಕೇಳಿದ್ದೆ. ಆದರೆ ಕೊಡಗಿನಲ್ಲಿ ಹಗಲಿಡೀ ಕೂರುವುದು ಮುಂದಿನ ಸೀಟಿನಲ್ಲಿ. ತಿರುವು, ಹಂಪು, ಇಳಿಜಾರು ಎಲ್ಲವನ್ನೂ ತಿನ್ನುವುದು ಕೆಳಗಿರುವ ಚಾಸಿ, ಅಂದರೆ ಗಾಡಿಯ ಅಡಿಯ ಚೌಕಟ್ಟು. ಒಳಗಿನ ಮರಗೆಲಸ ಯಾರು ಬೇಕಾದರೂ ಮಾಡಿಕೊಡುತ್ತಾರೆ, ಚಾಸಿ ಕಂಪನಿ ಕೊಟ್ಟದ್ದೇ.

ನಮ್ಮ ದಾರಿ ಮೂರು ಸಲವೂ ಹೆಚ್ಚುಕಡಿಮೆ ಒಂದೇ. ಹುಣಸೂರು, ಬೈಲಕುಪ್ಪೆ, ಕುಶಾಲನಗರ, ಸುಂಟಿಕೊಪ್ಪ, ಮಡಿಕೇರಿ. ಅಲ್ಲಿಂದ ಒಂದು ದಿನ ಭಾಗಮಂಡಲ, ತಲಕಾವೇರಿ. ಆಮೇಲೆ ನಾಪೋಕ್ಲು ದಾಟಿ ಕಕ್ಕಬ್ಬೆ ಹತ್ತಿರ ಎರಡು ರಾತ್ರಿ. ವಾಪಸ್ ವಿರಾಜಪೇಟೆ, ಗೋಣಿಕೊಪ್ಪ, ತಿತಿಮತಿ ಮೇಲೆ. ಮೈಸೂರಿನಿಂದ ಮಡಿಕೇರಿಗೆ ಸುಮಾರು 120 ಕಿ.ಮೀ. ಕುಶಾಲನಗರದವರೆಗೆ ಯಾವ ಗಾಡಿಯಾದರೂ ನಡೆಯುತ್ತದೆ. ಅಲ್ಲಿಂದಾಚೆಗೇ ಪರೀಕ್ಷೆ.

ಮೊದಲನೆಯದು ಫೋರ್ಸ್ ಟ್ರಾವೆಲರ್ ಮೇಲೆ ಕಟ್ಟಿದ್ದು. ನಮ್ಮ ಕಡೆ ಮದುವೆ ದಿಬ್ಬಣಕ್ಕೆ ಹೋದವರಿಗೆಲ್ಲ ಗೊತ್ತಿರುವ ಗಾಡಿಯೇ. ಎಂಜಿನ್ ಉದ್ದಕ್ಕೆ ಕೂತಿರುತ್ತದೆ, ಓಟ (ಎಂಜಿನ್ನಿನ ಬಲ) ಹಿಂಚಕ್ರಕ್ಕೆ. ಹೀಗಾಗಿ ಎಂಜಿನ್ ಗೂಡು ಡ್ರೈವರ್ ಮತ್ತು ಪಕ್ಕದ ಸೀಟಿನ ನಡುವೆ ಎದ್ದಿರುತ್ತದೆ. ನಮಗೆ ಸಿಕ್ಕಿದ ಗಾಡಿಯಲ್ಲಿ ಆ ಗೂಡಿನ ಮೇಲಿನ ಹೊದಿಕೆ ಹರಿದು ಹೋಗಿತ್ತು, ಬಾಡಿಗೆಯವರು ಗಮನಿಸಿರಲಿಲ್ಲ. ಸುಂಟಿಕೊಪ್ಪ ದಾಟುವಷ್ಟರಲ್ಲಿ ನನ್ನ ಎಡಮೊಣಕಾಲು ಒಲೆ ಪಕ್ಕ ಇಟ್ಟಂತಾಗಿತ್ತು. ಕೊನೆಗೆ ಗೋಣಿಚೀಲ ಮಡಚಿ ಅಡ್ಡ ಇಟ್ಟುಕೊಂಡೆ. ನೀವು ಗಾಡಿ ನೋಡಲು ಹೋದಾಗ ಹತ್ತು ನಿಮಿಷ ಎಂಜಿನ್ ಓಡಲು ಬಿಟ್ಟು ಆ ಗೂಡಿನ ಮೇಲೆ ಅಂಗೈ ಇಟ್ಟು ನೋಡಿ. ಮಾತಾಡಿಯೂ ನೋಡಿ, ಪಕ್ಕದವರಿಗೆ ಕೇಳಿಸಬೇಕು.

ಹಾಗಂತ ಟ್ರಾವೆಲರೇ ಬೇಡ ಅನ್ನಬೇಡಿ. ಅಷ್ಟು ಎತ್ತರದ ಸೀಟು, ಅಷ್ಟು ದೊಡ್ಡ ಗಾಜು ಕೊಡಗಿನ ತಿರುವುಗಳಲ್ಲಿ ವರ. ಲಂಟಾನದ ಬೇಲಿಯ ಮೇಲಿಂದ ಎದುರು ಬರುವ ಬಸ್ಸಿನ ತಲೆ ಮೊದಲೇ ಕಾಣುತ್ತದೆ. ತುಂಬಿದ ಗಾಡಿಯ ಭಾರವೆಲ್ಲ ಹಿಂಚಕ್ರದ ಮೇಲೆ, ಎಳೆಯುವುದೂ ಹಿಂಚಕ್ರವೇ. ತಲಕಾವೇರಿಗೆ ಹೋಗುವ ಕೊನೆಯ ಎಂಟು ಕಿಲೋಮೀಟರ್ ಏರನ್ನು ಎರಡನೇ ಗೇರಿನಲ್ಲಿ ಎಮ್ಮೆ ಹಾಗೆ ನಿಧಾನವಾಗಿ, ಎಲ್ಲೂ ಜಾರದೆ ಹತ್ತಿತು. ಆದರೆ ಮುಂದೆಯೂ ಲಾರಿಯ ಹಾಗೆ ಪಟ್ಟಿ ಸ್ಪ್ರಿಂಗು. ಡಾಂಬರಿನ ಪ್ರತಿ ತೇಪೆಯೂ ಸ್ಟೀರಿಂಗಿಗೆ ಬಂದು ಹೇಳಿಕೊಳ್ಳುತ್ತದೆ. ನಿಂಬೆಹಣ್ಣಿನ ಮೇಲೆ ಹನ್ನೊಂದು ಗೀರು.

ಟ್ರಾವೆಲರ್ ಹೆಸರಿನ ಜೊತೆ 3350, 4020 ಅಂತ ಅಂಕಿ ಇರುತ್ತದಲ್ಲ, ಅದು ಮಿಲಿಮೀಟರಿನಲ್ಲಿ ಮುಂಚಕ್ರದಿಂದ ಹಿಂಚಕ್ರಕ್ಕಿರುವ ದೂರ. ಐದು ಜನಕ್ಕಿಂತ ಕಡಿಮೆ ಇದ್ದರೆ 3350 ಸಾಕು. ಉದ್ದದ್ದನ್ನು ಹಿಡಿದು ತೋಟದ ಗೇಟಿನಲ್ಲಿ ಮೂರು ಸಲ ಹಿಂದೆ ಮುಂದೆ ಮಾಡುವವರನ್ನು ನೋಡಿದ್ದೇನೆ.

ಎರಡನೇ ವರ್ಷದ್ದು ಟಾಟಾ ವಿಂಗರ್. ಇದು 2007ರಿಂದ ಇರುವ ಗಾಡಿ, ಮೊನೊಕಾಕ್. ಅಂದರೆ ಬೇರೆ ಚಾಸಿ ಇಲ್ಲ, ಮೈಯೇ ಚಾಸಿ. ಎಂಜಿನ್ ಮೂತಿಯಲ್ಲಿ ಕೂತಿದೆ, ಎಳೆಯುವುದು ಮುಂಚಕ್ರ, ಮುಂದೆ ಎರಡೂ ಚಕ್ರಕ್ಕೆ ಕುಲುಕಾಟ ತಡೆಯುವ ಸಸ್ಪೆನ್ಷನ್ ಬೇರೆ ಬೇರೆ. ಮೆಟ್ಟಿಲು ತಗ್ಗಿನಲ್ಲಿದೆ, ಮೊಣಕಾಲು ನೋವಿನ ಅಮ್ಮ ಯಾರ ಕೈಯೂ ಹಿಡಿಯದೆ ಹತ್ತಿ ಕೂತಳು. ಮಡಿಕೇರಿಯವರೆಗೆ ಕಾರಿನಲ್ಲಿ ಹೋದ ಹಾಗೇ. ಜನರಲ್ ತಿಮ್ಮಯ್ಯ ವೃತ್ತದ ಹತ್ತಿರ ನಿಲ್ಲಿಸಿದಾಗ ಹಣ್ಣಿನ ಮೇಲೆ ಎರಡೇ ಗೀರು. ಯುರೋಪಿನವರು ಫಿಯಟ್ ಡುಕಾಟೊ ಮೇಲೆ ಅಷ್ಟೊಂದು ಮನೆಗಾಡಿ ಕಟ್ಟುವುದೂ ಇದೇ ಕಾರಣಕ್ಕೆ: ಮುಂಚಕ್ರದ ಓಟವಾದ್ದರಿಂದ ಹಿಂಚಕ್ರಕ್ಕೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಕೆಳಗೆ ಹಾಯುವುದಿಲ್ಲ, ನೆಲ ತಗ್ಗಿಸಬಹುದು. ಅಲ್ಲಿಯೂ ಬೆಟ್ಟದ ಕಡೆಯವರು ಹಿಂಚಕ್ರ ಎಳೆಯುವ ಮರ್ಸಿಡಿಸ್ ಸ್ಪ್ರಿಂಟರ್ ವ್ಯಾನನ್ನು ಹೊಗಳುತ್ತಾರೆ. ಯಾಕೆ ಅಂತ ನನಗೆ ಕಕ್ಕಬ್ಬೆಯಲ್ಲಿ ತಿಳಿಯಿತು.

ಹೋಂಸ್ಟೇಗೆ ತಿರುಗುವ ತೋಟದ ದಾರಿ. ಹಿಂದಿನ ರಾತ್ರಿ ಮಳೆ, ಕಾಂಕ್ರೀಟಿನ ಎರಡು ಪಟ್ಟಿ, ಮೇಲೆ ಪಾಚಿ ಮತ್ತು ಸಿಲ್ವರ್ ಓಕಿನ ಒದ್ದೆ ಎಲೆ. ಅರ್ಧ ಏರಿನಲ್ಲಿ ಮುಂಚಕ್ರ ಸುಯ್ಯನೆ ಸುತ್ತತೊಡಗಿತು, ಗಾಡಿ ನಿಂತಲ್ಲೇ. ಬೈಯಬೇಕಾದದ್ದು ಗಾಡಿಯನ್ನಲ್ಲ. ಒಳಗೆ ಮನೆ ಕಟ್ಟಿದ ವರ್ಕ್‌ಶಾಪಿನವರು ನೂರು ಲೀಟರಿನ ನೀರಿನ ಟ್ಯಾಂಕನ್ನು ಹಿಂಚಕ್ರಕ್ಕಿಂತಲೂ ಸುಮಾರು ಒಂದು ಮೀಟರ್ ಹಿಂದೆ ಕೂರಿಸಿದ್ದರು. ನೂರು ಲೀಟರ್ ಅಂದರೆ ನೂರು ಕೆ.ಜಿ. ಮುಂಚಕ್ರಕ್ಕೂ ಹಿಂಚಕ್ರಕ್ಕೂ ನಡುವೆ ಮೂರೂಕಾಲು, ಮೂರೂವರೆ ಮೀಟರ್ ಇರುವ ಗಾಡಿಯಲ್ಲಿ ಅದು ಏತದ ಹಾಗೆ ಮುಂಚಕ್ರದ ಮೇಲಿಂದ ಸುಮಾರು 30 ಕೆ.ಜಿ. ಎತ್ತಿಬಿಡುತ್ತದೆ. ಏರಿನಲ್ಲಿ ಭಾರ ಹೇಗೂ ಹಿಂದಕ್ಕೆ ಜಾರುತ್ತದೆ. ಅದರ ಜೊತೆಗೆ ಗ್ಯಾಸ್ ಸಿಲಿಂಡರು, ಬ್ಯಾಟರಿ, ನಮ್ಮ ಅಕ್ಕಿಚೀಲ ಎಲ್ಲವೂ ಹಿಂದೆಯೇ.

ನಾನು ಕಲ್ಲು ಹುಡುಕುತ್ತಿದ್ದಾಗ ತೋಟದ ಲೆಕ್ಕ ಬರೆಯುವ ರೈಟರು ಬಂದು, ಗಾಡಿಯ ಸುತ್ತ ಒಂದು ಸುತ್ತು ಹಾಕಿ, ‘ನೀರು ಬಿಟ್ಟುಬಿಡಿ ಸಾರ್, ತಿರುಗಿಸಿ ರಿವರ್ಸಿನಲ್ಲಿ ಹತ್ತಿಸಿ’ ಅಂದರು. ಹಾಗೇ ಮಾಡಿದೆ. ಕೆಳಗೆ ಹೋಗಿ ತಿರುಗಿಸಿ ಹಿಂದುಹಿಂದಕ್ಕೆ ಬಿಟ್ಟರೆ ಎಳೆಯುವ ಚಕ್ರ ಇಳಿಜಾರಿನ ಕಡೆಗಿರುತ್ತದೆ, ಭಾರ ಅದರ ಮೇಲೇ ಬೀಳುತ್ತದೆ. ಒಂದೇ ಉಸಿರಿಗೆ ಹತ್ತಿತು. ಮುಂಚಕ್ರದ ಗಾಡಿ ಹಿಡಿಯುವವರು ಇಷ್ಟು ಮಾಡಿ: ಟ್ಯಾಂಕ್ ಎಲ್ಲಿದೆ ಅಂತ ಬಗ್ಗಿ ನೋಡಿ, ಖಾಲಿ ಟ್ಯಾಂಕಿನಲ್ಲೇ ಘಾಟಿ ಹತ್ತಿ. ಕೊಡಗಿನಲ್ಲಿ ನೀರಿಗೇನು ಬರ, ಉಳಿದುಕೊಳ್ಳುವ ಜಾಗದಲ್ಲೇ ತುಂಬಿಸಿಕೊಳ್ಳಿ.

ಮೂರನೆಯದು ಇಸುಜು ಡಿ-ಮ್ಯಾಕ್ಸ್ ಪಿಕಪ್, ಬೆನ್ನ ಮೇಲೆ ಪೆಟ್ಟಿಗೆ. ಏಣಿಯಂಥ ಲ್ಯಾಡರ್ ಚಾಸಿ, ಬೇಕಾದಾಗ ನಾಲ್ಕೂ ಚಕ್ರಕ್ಕೆ ಓಟ. ಮುಂದೆ ಕೂತವರಿಗೆ ಮೂರರಲ್ಲಿ ಇದೇ ಸುಖ: ಸೀಟು ಕಾರಿನದ್ದು, ಎಂಜಿನ್ ಬಾನೆಟ್ಟಿನೊಳಗೆ, ಬಿಸಿಯಿಲ್ಲ, ಸದ್ದು ಕಡಿಮೆ. ಹಿಂದಿನ ವರ್ಷ ಸತಾಯಿಸಿದ ಏರನ್ನು ಗೊತ್ತೇ ಆಗದ ಹಾಗೆ ಹತ್ತಿತು. ಕೊರತೆ ಎರಡು. ಕ್ಯಾಬಿನ್ನಿನಿಂದ ಪೆಟ್ಟಿಗೆಗೆ ಒಳದಾರಿ ಇಲ್ಲ. ಮಳೆಯಲ್ಲಿ ಫ್ಲಾಸ್ಕ್ ಬೇಕಾದರೂ ಇಳಿದು ನೆನೆದು ಹೋಗಬೇಕು. ಇನ್ನೊಂದು, ಭಾರ ಎತ್ತರದಲ್ಲಿದೆ. ಮೂರ್ನಾಡು ಕಡೆಯ ಎಸ್ ತಿರುವುಗಳಲ್ಲಿ ಮೊದಲ ತಿರುವಿಗೆ ವಾಲಿದ್ದು ನೆಟ್ಟಗಾಗುವ ಮೊದಲೇ ಎರಡನೆಯದು ಬರುತ್ತದೆ. ಕ್ಯಾಬಿನ್ ಚೆನ್ನಾಗಿದ್ದರೂ ಆ ತೂಗಾಟಕ್ಕೆ ಏಳು ಗೀರು. ವೇಗ 30ಕ್ಕೆ ಇಳಿಸಿದ ಮೇಲೆ ಹೊಸ ಗೀರು ಬೀಳಲಿಲ್ಲ.

ಫೋರ್ಸ್ ಅರ್ಬೇನಿಯಾ ಕೂಡ ಗೆಳೆಯನದ್ದು ಒಂದು ದಿನ ಓಡಿಸಿದೆ. ಹಿಂಚಕ್ರದ ಓಟ, ಮುಂದೆ ಸ್ವತಂತ್ರ ಸಸ್ಪೆನ್ಷನ್, ಗಾಡಿ ಜಾರದಂತೆ ಹಿಡಿಯುವ ಇಎಸ್‌ಪಿ ಎಲ್ಲ ಇದೆ. ಟ್ರಾವೆಲರಿನ ಕಾಲು, ವಿಂಗರಿನ ನಡಿಗೆ. ದುಡ್ಡಿದ್ದರೆ ಅದೇ. ಇಲ್ಲವೆಂದರೆ ವಯಸ್ಸಾದವರ ಜೊತೆ ಮುಖ್ಯ ರಸ್ತೆಯಲ್ಲೇ ಸುತ್ತುವವರಿಗೆ ವಿಂಗರ್, ತೋಟದೊಳಗೆ ಉಳಿಯುವ ಇಬ್ಬರಿಗೆ ಪಿಕಪ್, ಮಕ್ಕಳುಮರಿ ಕಟ್ಟಿಕೊಂಡು ಹೋಗುವವರಿಗೆ ಟ್ರಾವೆಲರ್. ಮಾಂದಲ್‌ಪಟ್ಟಿಗೆ ಮಾತ್ರ ಯಾವುದನ್ನೂ ಒಯ್ಯಬೇಡಿ, ಸ್ಥಳೀಯ ಜೀಪು ಹಿಡಿಯಿರಿ.

ಇಳಿಯುವಾಗಿನ ಮಾತು ಬೇರೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,170 ಮೀಟರ್. ಸುಳ್ಯದ ಕಡೆ ಇಳಿದರೆ ಸಂಪಾಜೆಗೆ ಹೋಗುವಷ್ಟರಲ್ಲಿ ಅದರಲ್ಲಿ ಹೆಚ್ಚಿನ ಪಾಲು ಕಳೆದುಹೋಗುತ್ತದೆ. ಎರಡನೇ ಗೇರಿಗೆ ಹಾಕಿ ಎಂಜಿನ್ನೇ ತಡೆಯಲಿ ಅಂತ ಬಿಡಿ, ಬ್ರೇಕನ್ನು ಒತ್ತಿ ಬಿಡಿ, ಒತ್ತಿ ಬಿಡಿ. ಒತ್ತಿಕೊಂಡೇ ಇದ್ದರೆ ಸುಟ್ಟ ವಾಸನೆ ಬರುತ್ತದೆ, ಆಮೇಲೆ ಪೆಡಲ್ ಮೆತ್ತಗಾಗುತ್ತದೆ. 2018ರ ಆಗಸ್ಟಿನಲ್ಲಿ ಜೋಡುಪಾಲದ ಕಡೆ ಗುಡ್ಡವೇ ಇಳಿದು ಬಂದದ್ದು ನೆನಪಿರುವವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಸಾಹಸಕ್ಕೆ ಹೋಗುವುದಿಲ್ಲ. ಒಳ್ಳೆಯದು ಕೊಡವರ ಸುಗ್ಗಿಹಬ್ಬ ಪುತ್ತರಿ ಕಳೆದ ಮೇಲೆ. ಕಾಫಿ ಕೊಯ್ಲಿನ ಕಾಲವಾದ್ದರಿಂದ ಬೆಳಗ್ಗೆ ಸಂಜೆ ಕೆಲಸದವರ ಜೀಪುಗಳ ಓಡಾಟ ಜಾಸ್ತಿ, ಆ ಹೊತ್ತಿಗೆ ನಿಂತುಬಿಡಿ.

ಗಾಡಿಯ ಎತ್ತರ ಅಳೆದು, ಅಂಕಿಯನ್ನು ಚೀಟಿಯಲ್ಲಿ ಬರೆದು ಗಾಜಿಗೆ ಅಂಟಿಸಿ. ತೋಟದ ದಾರಿಗೆ ಬಾಗಿದ ಹಲಸಿನ ಕೊಂಬೆ ಕೊಂಬೆಯಂತೆ ಕಾಣುವುದು ತಾಗಿದ ಮೇಲೆಯೇ. ರಾತ್ರಿ ರಸ್ತೆಬದಿಯಲ್ಲಿ ಮಲಗಬೇಡಿ, ತಿತಿಮತಿ ಕಡೆ ಆನೆಗಳಿಗೆ ನಿಮ್ಮ ಬುಕಿಂಗ್ ಗೊತ್ತಿರುವುದಿಲ್ಲ. ಲೈಸೆನ್ಸ್ ಬಗ್ಗೆ ಚಿಂತೆ ಬೇಡ, ಒಟ್ಟು ತೂಕ 7,500 ಕೆ.ಜಿ.ಯೊಳಗಿನ ಇವೆಲ್ಲ ಲಘು ವಾಹನಗಳೇ.

ಈ ವರ್ಷ ವಾಪಸ್ ಬರುವಾಗ ಗೋಣಿಕೊಪ್ಪದಲ್ಲಿ ಸೌತೆಕಾಯಿ ಕೊಂಡೆವು. ಉಪ್ಪು ಖಾರ ಇತ್ತು. ಅಮ್ಮ ಏಳು ಗೀರಿನ ಆ ನಿಂಬೆಹಣ್ಣನ್ನೇ ಅರ್ಧ ಮಾಡಿ ಮೇಲೆ ಹಿಂಡಿದಳು.