ನಾಲ್ಕು ಹಸಿರು ಬಂದರೆ ಹುಷಾರು

ಐದಕ್ಷರದ ಇಂಗ್ಲಿಷ್ ಪದವನ್ನು ಆರು ಸಾಲಿನೊಳಗೆ ಊಹಿಸುವ ವರ್ಡಲ್ ಆಡುವವರೇ, ಎರಡನೇ ಸಾಲಿಗೇ ನಾಲ್ಕು ಹಸಿರು ಬಂತೆಂದು ಹಿಗ್ಗಬೇಡಿ. ಹಸಿರೆಂದರೆ ಅಕ್ಷರ ಸರಿಯಾದ ಜಾಗದಲ್ಲಿದೆ, ಹಳದಿಯೆಂದರೆ ಪದದಲ್ಲಿದೆ ಆದರೆ ಬೇರೆ ಜಾಗದಲ್ಲಿ, ಬೂದೆಂದರೆ ಇಲ್ಲ. ರಾತ್ರಿ ಎಂಬರ್ಥದ 'ನೈಟ್' ಹಾಕಿದಿರಿ ಎನ್ನಿ. ಐ, ಜಿ, ಎಚ್, ಟಿ ಹಸಿರು, ಎನ್ ಬೂದು. ಅಪರೂಪದ ಪದಗಳನ್ನು ಬಿಟ್ಟರೂ ಲೈಟ್, ರೈಟ್, ಸೈಟ್, ಫೈಟ್, ಮೈಟ್, ಟೈಟ್, ಎಂಟು ಎಂಬರ್ಥದ ಏಟ್ ಅಂತ ಏಳು ಉಳಿದಿವೆ. ನಿಮ್ಮ ಹತ್ತಿರ ಇರುವುದು ನಾಲ್ಕೇ ಸಾಲು. ಒಂದೊಂದನ್ನೇ ಹಾಕುತ್ತ ಹೋದರೆ ಏಳರಲ್ಲಿ ಮೂರು ಪದಕ್ಕೆ ಸೋಲು ಖಚಿತ.

ಮೂರನೇ ಸಾಲಿಗೆ 'ಫಾರ್ಮ್ಸ್' ಹಾಕಿ. ಅದು ಉತ್ತರವಲ್ಲ ಎಂದು ಗೊತ್ತಿದ್ದೇ ಹಾಕುವುದು. ಗೆಲುವು ಕಣ್ಣೆದುರೇ ಇರುವಾಗ ಹೀಗೆ ಒಂದು ಸಾಲು ಬಿಟ್ಟುಕೊಡಲು ಮನಸ್ಸು ಒಪ್ಪುವುದಿಲ್ಲ, ನಿಜ. ಆದರೆ ಎಫ್, ಆರ್, ಎಂ, ಎಸ್ ನಾಲ್ಕೂ ಒಟ್ಟಿಗೇ ಪರೀಕ್ಷೆಯಾಗುತ್ತವೆ. ಹಸಿರೋ ಹಳದಿಯೋ, ಬಣ್ಣ ಬಂದದ್ದೇ ಮೊದಲ ಅಕ್ಷರ. ನಾಲ್ಕೂ ಬೂದಾದರೆ ಲೈಟ್, ಟೈಟ್, ಏಟ್ ಮಾತ್ರ ಉಳಿದವು. ಸಾಲೂ ಮೂರಿವೆ.

ಹೆಚ್ಚಿನವರು ಮರೆಯುವುದು ಟೈಟ್. ಕೊನೆಯ ಟಿ ಹಸಿರಾದರೆ ಮೊದಲಲ್ಲಿ ಇನ್ನೊಂದು ಟಿ ಇಲ್ಲವೆಂದು ಅರ್ಥವಲ್ಲ.

ಹಾರ್ಡ್ ಮೋಡ್‌ನಲ್ಲಿ ಈ ದಾರಿ ಇಲ್ಲ. ಹಸಿರಾದ ಅಕ್ಷರವನ್ನು ಅಲ್ಲೇ ಇಡಬೇಕು, ಫಾರ್ಮ್ಸ್ ಒಪ್ಪುವುದೇ ಇಲ್ಲ. ಅಲ್ಲಿ ಎರಡನೇ ಸಾಲಿಗೇ ಈ ಗುಂಪಿನ ಪದ ಹಾಕಬೇಡಿ. ಮೊದಲು ಎಲ್, ಆರ್, ಎಸ್‌ಗಳನ್ನು ಪರೀಕ್ಷಿಸಿಕೊಳ್ಳಿ.