ನಿದ್ದೆ ಬರುತ್ತಾ?

ಇವತ್ತು ಮಡಿಕೇರಿ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಹುಡುಗನ ಪಕ್ಕ ಕೂತಿದ್ದೆ. 20 ವರ್ಷ ಇರಬಹುದು. ತೋಟದ ಕೂಲಿಯವರ ಲೈನ್ ಮನೆ ಬಿಟ್ಟ ಮೇಲೆ ಅವನಿಗೆ ಮನೆ ಅಂತ ಇಲ್ಲ.

"ರಾತ್ರಿ ನಿದ್ದೆ ಬರುತ್ತಾ?" ಕನ್ನಡದಲ್ಲಿ ಕೇಳಿದೆ. "ಹ್ಞೂಂ" ಅಂದ. ಅಷ್ಟೇ. ಒದ್ದೆ ಟವೆಲ್ಲಿನ ಅಂಚನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಇದ್ದ.

ನನ್ನ ಜೊತೆಗಿದ್ದ ಅಕ್ಕ ಅದನ್ನೇ ಅವನ ಎರವ ಬುಡಕಟ್ಟಿನ ಮಾತಿನಲ್ಲಿ ಕೇಳಿದರು. ಬೆರಳು ನಿಂತಿತು. ಆಮೇಲೆ ಅರ್ಧ ಗಂಟೆ ಮಾತಾಡಿದ. ಮಳೆ ಜೋರಾದರೆ ಎದೆ ಹೊಡೆದುಕೊಳ್ಳುತ್ತದಂತೆ.

2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಮನೆಯಿಲ್ಲದವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಉಚಿತ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಒಳ್ಳೆಯದೇ. ಆದರೆ ಕನ್ನಡದಲ್ಲಿ ಇವನು ಕೆಲಸ ಕೇಳಿದ್ದಾನೆ, ಕೂಲಿ ಕೇಳಿದ್ದಾನೆ. ಅಳೋಕೆ ಅವ್ವನ ಮಾತು ಬೇಕಲ್ವಾ?

ನಾಳೆ ಬರ್ತೀವಿ ಅಂದೆವು. ಟವೆಲ್ ಹೆಗಲಿಗೆ ಹಾಕಿಕೊಂಡು, ಯಾವ ಬಸ್ಸಿಗೆ ಅಂತ ಕೇಳಿದ.