ಕ್ಯಾಲಿಬರ್ ಕೇಳುವವರಿಗೆ ನಾನು ಮೊದಲು ಮಾಡಿಸುವ ಪರೀಕ್ಷೆ

ಶೂಟಿಂಗ್ ರೇಂಜ್‌ನಲ್ಲಿ ಹೊಸಬರಿಗೆ ಪಿಸ್ತೂಲು ಕಲಿಸುವುದು ನನ್ನ ಕೆಲಸ. ಆತ್ಮರಕ್ಷಣೆಗೆ ಅಂತ ಬರುವವರಲ್ಲಿ ಹೆಚ್ಚಿನವರದ್ದು ಒಂದೇ ಪ್ರಶ್ನೆ: ಯಾವ ಕ್ಯಾಲಿಬರ್, ಅಂದರೆ ಯಾವ ಅಳತೆಯ ಗುಂಡು ಒಳ್ಳೆಯದು? ಹಲವರು .45 ಎಸಿಪಿ ಅನ್ನುವ ದಪ್ಪ ಗುಂಡೇ ಬೇಕು ಅಂತ ಮನಸ್ಸು ಮಾಡಿಕೊಂಡೇ ಬಂದಿರುತ್ತಾರೆ. ನಾನು ವಾದ ಮಾಡುವುದಿಲ್ಲ. ಅವರ ಎರಡನೇ ಗುಂಡು ಎಲ್ಲಿ ಬೀಳುತ್ತದೆ ಅಂತ ನೋಡುತ್ತೇನೆ.

ಮ್ಯಾಗಜೀನ್ ನಾನೇ ತುಂಬುತ್ತೇನೆ. ಅಸಲಿ ಗುಂಡುಗಳ ನಡುವೆ ಒಂದೆರಡು ಡಮ್ಮಿ, ಅಂದರೆ ಹಾರದ ನಕಲಿ ಗುಂಡು ಸೇರಿಸಿರುತ್ತೇನೆ. ಯಾವುದು ಯಾವಾಗ ಬರುತ್ತದೆ ಅಂತ ಅವರಿಗೆ ತಿಳಿಯುವುದಿಲ್ಲ. ಒಂದು ಗುಂಡು ಹಾರುತ್ತದೆ, ಕೈ ಮೇಲೇಳುತ್ತದೆ. ಮತ್ತೆ ಗುರಿ ಹಿಡಿದು ಟ್ರಿಗರ್ ಎಳೆಯುತ್ತಾರೆ. ಈಗ ಬಂದದ್ದು ಡಮ್ಮಿ. ಬರೀ ಟಿಕ್ ಅನ್ನುವ ಸದ್ದು. ಗುಂಡೇ ಹಾರಿಲ್ಲ, ಆದರೂ ನಳಿಗೆಯ ತುದಿ ಗಕ್ಕನೆ ಕೆಳಗೆ ಬಾಗಿರುತ್ತದೆ. ಕಣ್ಣು ಮುಚ್ಚಿರುತ್ತದೆ. ಬರಲಿರುವ ಒದೆತಕ್ಕೆ ಕೈ ಮೊದಲೇ ಹೆದರಿಬಿಟ್ಟಿದೆ. ಇದನ್ನೇ ನಾವು ಫ್ಲಿಂಚ್ ಅನ್ನುವುದು. ಅಸಲಿ ಗುಂಡು ಇದ್ದಿದ್ದರೆ ಅದು ಗುರಿಯ ಕೆಳಗೆ ಹೋಗುತ್ತಿತ್ತು. ಅದೇ ವ್ಯಕ್ತಿಗೆ ಅದೇ ಗಾತ್ರದ 9 ಎಂಎಂ ಪಿಸ್ತೂಲು ಕೊಟ್ಟರೆ ಈ ಬಾಗುವಿಕೆ ಎಷ್ಟೋ ಸಲ ಅರ್ಧಕ್ಕೆ ಇಳಿಯುತ್ತದೆ.

ಇದಕ್ಕೆ ಕಾರಣ ಸರಳ. .45ರ ಸಾಮಾನ್ಯ ಗುಂಡು 230 ಗ್ರೇನ್, ಅಂದರೆ ಸುಮಾರು 15 ಗ್ರಾಂ. ಅದು ಸೆಕೆಂಡಿಗೆ ಸುಮಾರು 255 ಮೀಟರ್ ವೇಗದಲ್ಲಿ ಹೊರಡುತ್ತದೆ. 9 ಎಂಎಂನ 124 ಗ್ರೇನ್ ಗುಂಡು ಬರೀ 8 ಗ್ರಾಂ, ವೇಗ ಸುಮಾರು 350 ಮೀಟರ್. ತೂಕ ಮತ್ತು ವೇಗ ಗುಣಿಸಿ ನೋಡಿದರೆ .45 ಕೈಗೆ ಮೂರನೇ ಒಂದರಷ್ಟು ಜಾಸ್ತಿ ಒದೆಯುತ್ತದೆ. ಇಷ್ಟೆಲ್ಲ ಸಹಿಸಿದ್ದಕ್ಕೆ ಸಿಗುವ ಅಗಲದ ವ್ಯತ್ಯಾಸ ಎಷ್ಟು ಗೊತ್ತಾ? ಗುಂಡು ದೇಹಕ್ಕೆ ಬಿದ್ದು ಅರಳುವ ಮೊದಲು ಎರಡೂವರೆ ಮಿಲಿಮೀಟರ್‌ಗಿಂತ ಕಡಿಮೆ. ಮೇಲಾಗಿ ಮ್ಯಾಗಜೀನ್‌ನಲ್ಲಿ ಗುಂಡುಗಳೂ ಕಡಿಮೆ ಹಿಡಿಯುತ್ತವೆ.

ಹಾಗಾದರೆ 9 ಎಂಎಂ ಸಾಲದು ಅನ್ನುವ ಮಾತು ಎಲ್ಲಿಂದ ಬಂತು? ಇದರ ಒಂದು ದೊಡ್ಡ ಬೇರು 1986ರ ಏಪ್ರಿಲ್ 11ರಂದು ಅಮೆರಿಕದ ಮಯಾಮಿಯಲ್ಲಿ ನಡೆದ ಗುಂಡಿನ ಕಾಳಗದಲ್ಲಿದೆ. ಒಬ್ಬ ದರೋಡೆಕೋರನಿಗೆ ಬಿದ್ದ 9 ಎಂಎಂ ಗುಂಡು ತೋಳನ್ನು ದಾಟಿ ಎದೆಯೊಳಗೆ ಹೋಯಿತು, ಆದರೆ ಹೃದಯ ಮುಟ್ಟುವ ಮೊದಲೇ ನಿಂತಿತು. ಅವನು ಹೋರಾಟ ಮುಂದುವರಿಸಿದ. ಅವತ್ತು ಇಬ್ಬರು ಎಫ್‌ಬಿಐ ಏಜೆಂಟರು ಸತ್ತರು. ಆಮೇಲೆ ಎಫ್‌ಬಿಐ 10 ಎಂಎಂ ಕಡೆ ಹೋಯಿತು, ಅದರ ಒದೆತ ತಡೆಯಲಾಗದೆ .40ಕ್ಕೆ ಬಂತು. ಕೊನೆಗೆ 2014ರಲ್ಲಿ ಅದರ ತರಬೇತಿ ವಿಭಾಗವೇ 9 ಎಂಎಂ ಪರವಾಗಿ ಬರೆಯಿತು. ಹೊಸ ಗುಂಡುಗಳು ಸಾಕಷ್ಟು ಆಳ ಹೋಗುತ್ತವೆ, ಹೆಚ್ಚಿನ ಶೂಟರ್‌ಗಳು ಅದರಲ್ಲೇ ಬೇಗ ಮತ್ತು ನಿಖರವಾಗಿ ಹೊಡೆಯುತ್ತಾರೆ ಅನ್ನುವುದು ಅವರ ಕಾರಣ.

ಈ ಆಳದ ಲೆಕ್ಕ ಮುಖ್ಯ. ಮಾಂಸದ ಬದಲು ಜೆಲಾಟಿನ್ ಅನ್ನುವ ಮೆತ್ತನೆಯ ಗಡ್ಡೆಗೆ ಹೊಡೆಯುವ ಪರೀಕ್ಷೆಯಲ್ಲಿ ಗುಂಡು 12ರಿಂದ 18 ಇಂಚು ಒಳಗೆ ಹೋಗಬೇಕು ಅನ್ನುವುದು ಎಫ್‌ಬಿಐ ಅಳತೆ. ಅದಕ್ಕಿಂತ ಕಡಿಮೆಯಾದರೆ ಮುಟ್ಟಬೇಕಾದ ಅಂಗ ಮುಟ್ಟುವುದಿಲ್ಲ. ತೀರಾ ಜಾಸ್ತಿಯಾದರೆ ಹಿಂದೆ ನಿಂತವರಿಗೆ ಅಪಾಯ. ಅದಕ್ಕೇ ರಕ್ಷಣೆಗೆ ಒಳ್ಳೆಯ ಹಾಲೋ ಪಾಯಿಂಟ್ ಗುಂಡು, ಅಂದರೆ ತುದಿ ಟೊಳ್ಳಾಗಿದ್ದು ಒಳಹೊಕ್ಕಾಗ ಅರಳುವ ಗುಂಡು ಬೇಕು, ನಿಮ್ಮಲ್ಲಿನ ಕಾನೂನು ಬಿಡುವುದಾದರೆ. ಆದರೆ ಒಂದು ಮಾತು. ಮನೆಯೊಳಗಿನ ತೆಳು ಗೋಡೆಯನ್ನು ಈ ಯಾವ ಕ್ಯಾಲಿಬರ್ ಬೇಕಾದರೂ ದಾಟುತ್ತದೆ. ಗೋಡೆಯ ಆಚೆ ಯಾರಿದ್ದಾರೆ ಅನ್ನುವ ಯೋಚನೆ ಯಾವಾಗಲೂ ನಿಮ್ಮದೇ.

ಒದೆತ ಬೇಡ ಅಂತ ಪುಟ್ಟ ಪಿಸ್ತೂಲಿನ ಕಡೆ ಓಡುವವರೂ ಇದ್ದಾರೆ. ಅವರಿಗೆ ಸಮಾಧಾನದಿಂದ ತಿಳಿಸಬೇಕಾಗುತ್ತದೆ. .380 ಎಸಿಪಿ ಗುಂಡಿನ ಅಗಲ 9 ಎಂಎಂನಷ್ಟೇ, ಮದ್ದು ತುಂಬುವ ಲೋಹದ ಕೋಶದ ಉದ್ದ ಮಾತ್ರ 19 ಮಿಲಿಮೀಟರ್ ಬದಲು 17. ಮದ್ದು ಕಡಿಮೆ, ಆಳವೂ ಕಡಿಮೆ. ಆದರೆ ಆ ಪಿಸ್ತೂಲು ಬ್ಲೋಬ್ಯಾಕ್ ಅನ್ನುವ ಸರಳ ಮಾದರಿಯದಾಗಿದ್ದರೆ ಸ್ಲೈಡನ್ನು, ಅಂದರೆ ಹಿಂದೆ ಮುಂದೆ ಜಾರುವ ಮೇಲ್ಭಾಗವನ್ನು, ಹಿಡಿದಿಡುವುದು ಬರೀ ಅದರ ತೂಕ ಮತ್ತು ಸ್ಪ್ರಿಂಗ್. ಹಾಗಾಗಿ ಸ್ಪ್ರಿಂಗ್ ಗಟ್ಟಿ, ಕೈಬಲ ಕಡಿಮೆ ಇರುವವರಿಗೆ ಸ್ಲೈಡ್ ಎಳೆಯುವುದೇ ಕಷ್ಟ. ಹೊಡೆದಾಗ ಪೆಟ್ಟೂ ಚುರುಕು. ತುಸು ದೊಡ್ಡ 9 ಎಂಎಂ ಇದಕ್ಕಿಂತ ಮೆತ್ತಗಿರುತ್ತದೆ. ಇದನ್ನು ಹೇಳಿದರೆ ನಂಬುವುದಿಲ್ಲ, ಎರಡನ್ನೂ ಹೊಡೆಸಿದರೆ ಮರುಮಾತಿಲ್ಲ.

.22ರಲ್ಲಿ ಒದೆತ ಇಲ್ಲವೇ ಇಲ್ಲ ಅನ್ನಬಹುದು. ಕಲಿಯಲು ಅದಕ್ಕಿಂತ ಒಳ್ಳೆಯದು ಸಿಗಲ್ಲ. ಆದರೆ ಅದರ ಪ್ರೈಮರ್, ಅಂದರೆ ಮದ್ದಿಗೆ ಕಿಡಿ ಹಚ್ಚುವ ಮಸಾಲೆ, ಕೋಶದ ಅಂಚಿನೊಳಗೆ ಹರಡಿರುತ್ತದೆ, ಎಲ್ಲ ಕಡೆ ಸಮನಾಗಿ ಕೂತಿರದಿದ್ದರೆ ಕೆಲವೊಮ್ಮೆ ಹೊತ್ತುವುದಿಲ್ಲ. ಜೀವದ ಪ್ರಶ್ನೆ ಬಂದಾಗ ನಾನು ಅದನ್ನು ಹೇಳುವುದು ಕೈಗೆ ಬೇರೆ ಏನೂ ಒಗ್ಗದವರಿಗೆ ಮಾತ್ರ.

ಕ್ಯಾಲಿಬರ್ ಗೊತ್ತಾದ ಮೇಲೆ, ಇಟ್ಟುಕೊಳ್ಳುವ ಅದೇ ಹಾಲೋ ಪಾಯಿಂಟ್ ಗುಂಡನ್ನು ನಿಮ್ಮ ಪಿಸ್ತೂಲಿನಲ್ಲೇ ಸಾಕಷ್ಟು ಹೊಡೆದು ನೋಡಿ, ಎಲ್ಲೂ ಸಿಕ್ಕಿಕೊಳ್ಳಬಾರದು. ಇನ್ನೊಂದು ವಿಷಯ. ದಿನಾ ಲೋಡ್, ಅನ್‌ಲೋಡ್ ಮಾಡುವವರು ಅದೇ ಗುಂಡನ್ನೇ ಮತ್ತೆ ಮತ್ತೆ ಚೇಂಬರ್‌ಗೆ, ಅಂದರೆ ನಳಿಗೆಯ ಹಿಂತುದಿಯ ಗೂಡಿಗೆ, ತಳ್ಳುತ್ತಿರುತ್ತಾರೆ. ಅದರಿಂದ ತುದಿಯಲ್ಲಿರುವ ಬುಲೆಟ್ ನಿಧಾನಕ್ಕೆ ಕೋಶದೊಳಕ್ಕೆ ಕುಸಿಯುತ್ತದೆ, ಹೊಡೆದಾಗ ಒತ್ತಡ ಅಪಾಯಕಾರಿಯಾಗಿ ಏರಬಹುದು. ಪೆಟ್ಟಿಗೆಯ ಹೊಸ ಗುಂಡಿನ ಪಕ್ಕ ನಿಲ್ಲಿಸಿ ನೋಡಿ. ಸ್ವಲ್ಪ ಗಿಡ್ಡ ಕಂಡರೂ ಅದನ್ನು ಹೊಡೆಯಬೇಡಿ, ಬೇರೆ ಇಟ್ಟು ರೇಂಜ್‌ಗೆ ಒಪ್ಪಿಸಿ.